ವಾಟ್ಸಾಪ್ ಬಿಸಿನೆಸ್: ವ್ಯಾಪಾರ ಡಲ್ಲಾದಾಗ ಮೈಸೂರಿನ ಸಣ್ಣ ಅಂಗಡಿಗೆ ಎಷ್ಟು ಆಗಿಬರುತ್ತೆ?

ವ್ಯಾಪಾರ ಇಳಿದಾಗ ಸಣ್ಣ ಅಂಗಡಿಯವರು ಮೊದಲು ದುಡ್ಡು ಹಾಕುವುದು ಪಾಂಪ್ಲೆಟ್ಟಿಗೆ, ಹೊಸ ಬೋರ್ಡಿಗೆ, ಇಲ್ಲವೇ ಇನ್‌ಸ್ಟಾಗ್ರಾಂ ಜಾಹೀರಾತಿಗೆ. ಮೂರೂ ಹೊಸ ಗಿರಾಕಿಯನ್ನು ಹುಡುಕುವ ದಾರಿಗಳೇ. ಆದರೆ ಜನರ ಕೈ ಬಿಗಿಯಾಗಿರುವಾಗ ಅಂಗಡಿ ಬಾಡಿಗೆಗೆ ದಾರಿ ಮಾಡಿಕೊಡುವುದು ಹಳೇ ಗಿರಾಕಿ. ತಿಂಗಳಿಗೆ ಎರಡು ಸಲ ಬರುತ್ತಿದ್ದವರು ಒಂದು ಸಲಕ್ಕೆ ಇಳಿದಿರುತ್ತಾರೆ, ಅಥವಾ ಒಂದು ಕೆಜಿ ಒಯ್ಯುತ್ತಿದ್ದವರು ಅರ್ಧ ಕೆಜಿ ಸಾಕು ಅನ್ನುತ್ತಾರೆ. ಅವರಿಗೆ ನಮ್ಮ ಅಂಗಡಿ ಮರೆತುಹೋಗದಂತೆ ನೋಡಿಕೊಳ್ಳುವುದು, ಮಾತಿಗೆ ತಪ್ಪದೆ ಸಾಮಾನು ಒದಗಿಸುವುದು, ಈ ಎರಡು ಕೆಲಸಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಷ್ಟು ಒದಗುವ ಸಾಧನ ಖರ್ಚಿಲ್ಲದೆ ಸಿಗುವುದರಲ್ಲಿ ಇನ್ನೊಂದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಯಾಕೆ ಕಡಿಮೆ ಅನ್ನುವುದು ಮುಂದೆ ಬರುತ್ತೆ.

2018ರಲ್ಲಿ ಬಂದ ಆ್ಯಪ್ ಇದು. ಇಳಿಸಿಕೊಳ್ಳುವುದಕ್ಕೂ ಬಳಸುವುದಕ್ಕೂ ದುಡ್ಡಿಲ್ಲ. ಆ್ಯಪ್‌ನ ಗುರುತಾಗಿ ಹಸಿರು ಗುಳ್ಳೆಯೊಳಗೆ 'ಬಿ' ಅಕ್ಷರ ಇರುತ್ತೆ. ಮೈಸೂರು, ಮಂಡ್ಯದಲ್ಲಿ ಎಷ್ಟೋ ಅಂಗಡಿಗಳವರ ಫೋನಿನಲ್ಲಿ ಇದು ಈಗಾಗಲೇ ಇದೆ, ಆದರೆ ಹೆಚ್ಚಿನವರು ಮಾಮೂಲಿ ವಾಟ್ಸಾಪ್‌ನಂತೆಯೇ ಬಳಸುತ್ತಾರೆ: ಪ್ರೊಫೈಲ್‌ನಲ್ಲಿ ದೇವರ ಫೋಟೋ, ಸಾಮಾನು ಮತ್ತು ಬೆಲೆ ತೋರಿಸುವ ಕ್ಯಾಟಲಾಗ್ ಖಾಲಿ, ಬೆಳಿಗ್ಗೆ ಎಲ್ಲರಿಗೂ ಶುಭೋದಯದ ಚಿತ್ರ. ಹಾಗೆ ಬಳಸಿದರೆ ಇದರಿಂದ ಒಂದು ರೂಪಾಯಿ ವ್ಯಾಪಾರವೂ ಹೆಚ್ಚುವುದಿಲ್ಲ. ಈ ವಿಮರ್ಶೆ ಮೂರು ಬಗೆಯ ವ್ಯಾಪಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು: ಮನೆಯಲ್ಲಿ ಅಥವಾ ಪುಟ್ಟ ಅಂಗಡಿಯಲ್ಲಿ ಕುರುಕಲು ತಿಂಡಿ, ಪುಡಿ ಮಾಡುವವರು, ಬ್ಲೌಸ್ ಹೊಲಿಯುವ ಟೈಲರ್‌ಗಳು, ಮಂಡ್ಯ ಕಡೆಯಿಂದ ಬೆಲ್ಲ ತಂದು ನೇರ ಮನೆಗೆ ಕೊಡುವವರು.

ನಂಬರಿನಿಂದಲೇ ಶುರು

ಮೊದಲ ತಪ್ಪು ನಂಬರಿನಲ್ಲೇ ಆಗುತ್ತೆ. ಒಂದು ನಂಬರ್ ಒಂದೋ ಮಾಮೂಲಿ ವಾಟ್ಸಾಪ್‌ನಲ್ಲಿ ಇರಬಹುದು, ಇಲ್ಲವೇ ಬಿಸಿನೆಸ್ ಆ್ಯಪ್‌ನಲ್ಲಿ, ಎರಡರಲ್ಲೂ ನಡೆಯುವುದಿಲ್ಲ. ಮನೆಯ ನಂಬರನ್ನೇ ಬಿಸಿನೆಸ್‌ಗೆ ಬದಲಾಯಿಸಿದರೆ ನೆಂಟರ ಗುಂಪು, ಮಕ್ಕಳ ಶಾಲೆಯ ಗುಂಪು, ಗಿರಾಕಿಗಳ ಆರ್ಡರು ಎಲ್ಲ ಒಂದೇ ಪಟ್ಟಿಯಲ್ಲಿ ಕಲಸಿಹೋಗುತ್ತೆ. ಮಧ್ಯಾಹ್ನ ಬಂದ ಆರ್ಡರ್ ಸಂಜೆಯ ಹೊತ್ತಿಗೆ ನಲವತ್ತು ಮೆಸೇಜಿನ ಕೆಳಗೆ ಹೂತುಹೋಗಿರುತ್ತೆ. ಎರಡು ಸಿಮ್ ಹಾಕುವ ಫೋನಿದ್ದರೆ ಎರಡೂ ಆ್ಯಪ್ ಒಂದೇ ಫೋನಿನಲ್ಲಿ ಬೇರೆ ಬೇರೆ ನಂಬರಿನಲ್ಲಿ ಓಡುತ್ತವೆ. ಅಂಗಡಿಗೆಂದೇ ಒಂದು ಸಿಮ್ ತಗೊಳ್ಳಿ, ಅದರ ರೀಚಾರ್ಜ್ ತಪ್ಪಿಸಬೇಡಿ. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟ ನಂಬರ್ ರದ್ದಾಗಿ ಬೇರೆಯವರ ಕೈಗೆ ಹೋಗುತ್ತೆ, ಅದರ ಜೊತೆ ನಿಮ್ಮ ಗಿರಾಕಿಗಳೂ ಹೋಗುತ್ತಾರೆ.

ಹಳೇ ಅಂಗಡಿಯವರಿಗೆ ಇನ್ನೊಂದು ಅನುಕೂಲ ಇದೆ. 0821 ಅಥವಾ 08232ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರಿಗೂ ಈ ಆ್ಯಪ್ ಹಾಕಬಹುದು. ಎಸ್ಸೆಮ್ಮೆಸ್ ಬರುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಕಾದು 'ಕಾಲ್ ಮಾಡಿ' ಅನ್ನುವುದನ್ನು ಒತ್ತಬೇಕು. ಲ್ಯಾಂಡ್‌ಲೈನ್ ರಿಂಗಾಗಿ 6 ಅಂಕಿಯ ಕೋಡ್ ಹೇಳುತ್ತೆ. ಇಪ್ಪತ್ತು ವರ್ಷದಿಂದ ಬಿಲ್ ಪುಸ್ತಕದಲ್ಲಿ, ಕೈಚೀಲದಲ್ಲಿ ಅಚ್ಚಾಗಿರುವ ನಂಬರ್ ಅದೇ ಆಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ನಂಬರ್ ಆದ ಕೂಡಲೇ, ಬೇರೆ ಏನನ್ನೂ ಮುಟ್ಟುವ ಮೊದಲು, ಸೆಟ್ಟಿಂಗ್ಸ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ 6 ಅಂಕಿಯ ಪಿನ್ ಇಡಿ. 'ತಪ್ಪಿ ನಿಮಗೆ ಕೋಡ್ ಬಂದಿದೆ, ಹೇಳ್ತೀರಾ?' ಎಂದು ಕೇಳಿ ಅಂಗಡಿಯ ಖಾತೆ ಕದ್ದು, ಗಿರಾಕಿಗಳ ಹತ್ತಿರ ದುಡ್ಡು ಕೇಳುವ ಮೋಸ ಬಹಳ ನಡೆಯುತ್ತೆ. ಪಿನ್ ಇದ್ದರೆ ಕೋಡ್ ಕೈತಪ್ಪಿದರೂ ಕಳ್ಳ ಒಳಗೆ ಬರಲು ಆಗುವುದಿಲ್ಲ.

ಪ್ರೊಫೈಲ್‌ನಲ್ಲಿ ಅಂಗಡಿಯ ಮುಂಭಾಗದ ಫೋಟೋ ಹಾಕಿ. ಗಿರಾಕಿ ರಸ್ತೆಯಲ್ಲಿ ನಿಂತು ಹುಡುಕುವಾಗ ಕೈ ಹಿಡಿಯುವುದು ಅದು. ವಿಳಾಸದಲ್ಲಿ ಅಡ್ಡರಸ್ತೆ ನಂಬರಿನ ಜೊತೆ ಜನ ಬಾಯಲ್ಲಿ ಹೇಳುವ ಗುರುತು ಬೇಕು: ಚಿಕ್ಕ ಗಡಿಯಾರದಿಂದ ಎಷ್ಟನೇ ಅಂಗಡಿ, ಯಾವ ದೇವಸ್ಥಾನದ ಎದುರು, ಯಾವ ಬಸ್ ಸ್ಟಾಪ್ ಪಕ್ಕ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವವರು ಅದನ್ನೂ ವಿವರಣೆಯಲ್ಲಿ ಬರೆಯಿರಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಬಂದು ಷಟರ್ ನೋಡಿ ಹೋದವರು ಮತ್ತೆ ಬರುವುದು ಕಷ್ಟ. ತಿಂಡಿ ಮಾಡುವವರು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ 14 ಅಂಕಿಯ ನಂಬರನ್ನು ಇಲ್ಲೇ ಹಾಕಿಬಿಡಿ; ಅಪಾರ್ಟ್‌ಮೆಂಟಿನಿಂದ ದೊಡ್ಡ ಆರ್ಡರ್ ಕೊಡುವವರು ಮೊದಲು ಕೇಳುವುದೇ ಅದನ್ನು.

ತಾನಾಗಿ ಹೋಗುವ ಮೆಸೇಜುಗಳು

ಗ್ರೀಟಿಂಗ್ ಮೆಸೇಜ್ ಅನ್ನುವುದು ಗಿರಾಕಿ ಮೊದಲ ಸಲ ಬರೆದಾಗ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಬರೆದಾಗ, ತಾನಾಗಿಯೇ ಹೋಗುತ್ತೆ. ಆ್ಯಪ್ ಕೊಡುವ ಸಿದ್ಧ ವಾಕ್ಯ, 'ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ, ಶೀಘ್ರದಲ್ಲೇ ಉತ್ತರಿಸುತ್ತೇವೆ' ಅನ್ನುವಂಥದ್ದು, ಯಾವ ಕೆಲಸಕ್ಕೂ ಬಾರದು. ಗಿರಾಕಿಗೆ ಬೇಕಾದ ಮೂರು ವಿಷಯ ಅದರಲ್ಲಿ ಇರಬೇಕು: ಉತ್ತರ ಎಷ್ಟು ಹೊತ್ತಿಗೆ ಬರುತ್ತೆ, ರೇಟು ಎಲ್ಲಿ ನೋಡಬಹುದು, ನಂಬರನ್ನು ಯಾವ ಹೆಸರಲ್ಲಿ ಉಳಿಸಿಕೊಳ್ಳಬೇಕು. ಒಂದು ಮಾದರಿ:

'ನಮಸ್ಕಾರ. ಇವತ್ತಿನ ತಿಂಡಿ, ರೇಟು ಮೇಲಿನ ಅಂಗಡಿ ಗುರುತು ಒತ್ತಿದರೆ ಕಾಣುತ್ತೆ. ಬೆಳಿಗ್ಗೆ 10ರಿಂದ 1, ಸಂಜೆ 4ರಿಂದ 8ರೊಳಗೆ ಬರೆದರೆ ಅರ್ಧ ಗಂಟೆಯಲ್ಲಿ ಉತ್ತರ ಕೊಡ್ತೀವಿ. ಈ ನಂಬರನ್ನು "ಅಗ್ರಹಾರ ನಿಪ್ಪಟ್ಟು" ಅಂತ ಸೇವ್ ಮಾಡ್ಕೊಳ್ಳಿ, ಹಬ್ಬದ ತಿಂಡಿ ಪಟ್ಟಿ ನಿಮಗೆ ಬರುತ್ತೆ.'

ಕೊನೆಯ ವಾಕ್ಯವೇ ಇದರಲ್ಲಿ ಮುಖ್ಯ. ಅದು ಯಾಕೆಂದು ಬ್ರಾಡ್‌ಕಾಸ್ಟ್ ಹೇಳುವಾಗ ತಿಳಿಯುತ್ತೆ.

ಅಂಗಡಿ ಮುಚ್ಚಿದಾಗ ಹೋಗುವುದು 'ಅವೇ' (Away) ಮೆಸೇಜ್. 'ಬಿಸಿನೆಸ್ ಅವರ್ಸ್ ಹೊರಗೆ' ಎಂದು ಆರಿಸಿಟ್ಟರೆ ಸಾಕು, ದಿನಾ ಆನ್ ಆಫ್ ಮಾಡುವ ಕೆಲಸ ಇಲ್ಲ. ಇದು ಕೈಕೊಡುವುದು ಎಲ್ಲಿ ಅಂದರೆ, ಫೋನಿಗೆ ಇಂಟರ್ನೆಟ್ ಇದ್ದರೆ ಮಾತ್ರ ಈ ಮೆಸೇಜ್ ಹೋಗುತ್ತೆ. ಎಷ್ಟೋ ಜನ ರಾತ್ರಿ ಮಲಗುವಾಗ ಡೇಟಾ ಆಫ್ ಮಾಡುತ್ತಾರೆ. ರಾತ್ರಿ ಒಂಬತ್ತು ಮುಕ್ಕಾಲಿಗೆ 'ನಾಳೆಗೆ ಚಕ್ಕುಲಿ ಇದ್ಯಾ?' ಎಂದು ಬಂದ ಪ್ರಶ್ನೆಗೆ ಏನೂ ಹೋಗಿರುವುದಿಲ್ಲ, ಅವರು ಬೆಳಿಗ್ಗೆಯೊಳಗೆ ಬೇರೆ ಅಂಗಡಿಗೆ ಹೇಳಿಬಿಟ್ಟಿರುತ್ತಾರೆ. ಅಂಗಡಿಯ ಫೋನಿನ ಡೇಟಾ ಆಫ್ ಮಾಡಬೇಡಿ, ಸದ್ದು ಬೇಕಾದರೆ ಆಫ್ ಮಾಡಿ.

ಕ್ವಿಕ್ ರಿಪ್ಲೈ 50ರವರೆಗೆ ಇಟ್ಟುಕೊಳ್ಳಬಹುದು. ಸ್ಲ್ಯಾಶ್ ಒತ್ತಿ ಒಂದು ಪದ ಬರೆದರೆ ಇಡೀ ಉತ್ತರ ಬಂದು ಕೂರುತ್ತೆ. ಐವತ್ತು ಯಾರಿಗೂ ಬೇಡ. 'ವಿಳಾಸ', 'ಕ್ಯೂಆರ್', 'ಪಾರ್ಸೆಲ್', 'ಅಳತೆ', 'ಮುಗಿದಿದೆ' ಈ ಐದು ಇದ್ದರೆ ದಿನದ ಅರ್ಧ ಟೈಪಿಂಗ್ ಉಳಿಯುತ್ತೆ. 'ಮುಗಿದಿದೆ' ಅನ್ನುವ ಉತ್ತರವನ್ನು ಸ್ವಲ್ಪ ಯೋಚಿಸಿ ಬರೆಯಿರಿ. ಬರೀ 'ಇಲ್ಲ' ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ. 'ಇವತ್ತಿನದು ಮುಗೀತು, ಗುರುವಾರ ಮಧ್ಯಾಹ್ನ ಮತ್ತೆ ಕರೀತೀವಿ, ಅರ್ಧ ಕೆಜಿ ಎತ್ತಿಡ್ಲಾ?' ಅಂದರೆ ಹತ್ತರಲ್ಲಿ ಕೆಲವರಾದರೂ ಹೂಂ ಅನ್ನುತ್ತಾರೆ.

ಕ್ಯಾಟಲಾಗ್, ಇದರ ಜೀವ

500 ಸಾಮಾನಿನವರೆಗೆ ಇಡಬಹುದು, ಒಂದೊಂದಕ್ಕೆ 10 ಫೋಟೋವರೆಗೆ ಹಾಕಬಹುದು. ಆದರೆ ಹೊಸದಾಗಿ ಶುರು ಮಾಡುವವರು 12ರಿಂದ 20ರಲ್ಲಿ ನಿಲ್ಲಿಸಿ. ಅರವತ್ತು ಐಟಂ ಹಾಕಿದ ಅಂಗಡಿಯವರು ಬೆಲೆ ಏರಿದಾಗ ಅರವತ್ತನ್ನೂ ತಿದ್ದಲು ಹೋಗುವುದಿಲ್ಲ. ಕಡಲೆಕಾಯಿ ಎಣ್ಣೆ ರೇಟು ಏರಿದ ವಾರ ನಿಪ್ಪಟ್ಟಿನ ಬೆಲೆ ಅಂಗಡಿಯಲ್ಲಿ ಒಂದು, ಕ್ಯಾಟಲಾಗ್‌ನಲ್ಲಿ ಇನ್ನೊಂದು ಆಗಿಬಿಡುತ್ತೆ. ಆಗ ಹತ್ತು ರೂಪಾಯಿಗೆ ಗಿರಾಕಿಯ ಜೊತೆ ಮಾತು ಬರುತ್ತೆ, ನಂಬಿಕೆ ಹೋಗುತ್ತೆ. ಸೋಮವಾರ ಬೆಳಿಗ್ಗೆ ಅಂಗಡಿ ಗುಡಿಸಿ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಕ್ಯಾಟಲಾಗ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಆ ವಾರ ಇಲ್ಲದ ಐಟಂ ಅಳಿಸಬೇಡಿ, 'ಹೈಡ್' ಮಾಡಿ. ಮತ್ತೆ ಬೇಕಾದಾಗ ಫೋಟೋ, ವಿವರಣೆ ಎಲ್ಲ ಹಾಗೇ ಸಿಗುತ್ತೆ.

ವಿವರಣೆಯಲ್ಲಿ 'ರುಚಿಕರವಾದ, ಗುಣಮಟ್ಟದ' ಅನ್ನುವ ಪದಗಳನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಗಿರಾಕಿ ಕೌಂಟರಿನಲ್ಲಿ ನಿಂತು ಕೇಳುವ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರಲಿ. ಹೀಗೆ: 'ನಿಪ್ಪಟ್ಟು, ಕಾಲು ಕೆಜಿ, ಸುಮಾರು 14 ಬರುತ್ತೆ. ಅಕ್ಕಿಹಿಟ್ಟು, ಹುರಿಗಡಲೆ, ಕಡಲೆಬೀಜ, ಒಣಮೆಣಸಿನಕಾಯಿ, ಎಳ್ಳು, ಕರಿಬೇವು. ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಬಿಗಿ ಡಬ್ಬಿಯಲ್ಲಿ 15 ದಿನ ಗರಿಗರಿ ಇರುತ್ತೆ.' ಎಷ್ಟು ಬರುತ್ತೆ, ಏನೇನು ಹಾಕಿದೆ, ಎಷ್ಟು ದಿನ ಇರುತ್ತೆ. ಬೆಂಗಳೂರಿನ ಮಗಳಿಗೆ ಕಳಿಸುವ ತಾಯಿಗೆ ಬೇಕಾದದ್ದು ಇಷ್ಟೇ. ಹೆಸರನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ, ಹುಡುಕುವವರು ಎರಡರಲ್ಲೂ ಹುಡುಕುತ್ತಾರೆ.

ಅಳತೆಯಲ್ಲೇ ಒಂದು ವ್ಯಾಪಾರದ ಗುಟ್ಟಿದೆ. ಕೈ ಬಿಗಿಯಾದ ಕಾಲದಲ್ಲಿ ಜನ ತಿಂಡಿ ಬಿಡುವುದಿಲ್ಲ, ಅಳತೆ ಇಳಿಸುತ್ತಾರೆ. ಕ್ಯಾಟಲಾಗ್‌ನಲ್ಲಿ ಒಂದು ಕೆಜಿ, ಅರ್ಧ ಕೆಜಿ ಮಾತ್ರ ಇದ್ದರೆ ಕಾಲು ಕೆಜಿ ಬೇಕಾದವರಿಗೆ ಕೇಳಲು ಸಂಕೋಚ, ಸುಮ್ಮನಾಗಿಬಿಡುತ್ತಾರೆ. ಕಾಲು ಕೆಜಿ, ಹುಳಿಪುಡಿ ಚಟ್ನಿಪುಡಿಯಾದರೆ 100 ಗ್ರಾಂ, ಇವನ್ನು ಬೇರೆ ಬೇರೆ ಐಟಮ್ಮಾಗಿ ಹಾಕಿ. ಎಲ್ಲದಕ್ಕೂ ರಿಯಾಯಿತಿ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಇಳಿಸಿದ ಬೆಲೆಯನ್ನು ಮತ್ತೆ ಏರಿಸುವುದು ಬಹಳ ಕಷ್ಟ.

ಫೋಟೋಗೆ ಕ್ಯಾಮೆರಾ ಬೇಡ, ಕಿಟಕಿ ಬೇಕು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ, ಬಿಳಿ ಪಂಚೆ ಹಾಸಿ ಅಥವಾ ಸ್ಟೀಲ್ ಬಿಟ್ಟು ಬೇರೆ ತಟ್ಟೆಯಲ್ಲಿಟ್ಟು ತೆಗೆಯಿರಿ. ಸ್ಟೀಲ್ ತಟ್ಟೆ ಹೊಳೆದು ತಿಂಡಿ ಕಪ್ಪಾಗಿ ಕಾಣುತ್ತೆ. ಟ್ಯೂಬ್‌ಲೈಟ್ ಕೆಳಗೆ ಕರಿದ ತಿಂಡಿ ಎಣ್ಣೆ ಜಿಡ್ಡಾಗಿ, ಮೈಸೂರು ಪಾಕ್ ಹಸಿರು ಛಾಯೆಯಲ್ಲಿ ಬರುತ್ತೆ. ಫ್ಲಾಶ್ ಹಾಕಲೇಬೇಡಿ. ಚೌಕವಾಗಿ ತೆಗೆಯಿರಿ, ಅಂಚು ಕತ್ತರಿಸಿಹೋಗುವುದಿಲ್ಲ. ಬ್ಲೌಸ್ ಆದರೆ ಮೂರು ಫೋಟೋ: ಮುಂದೆ, ಬೆನ್ನು, ಒಳಗಿನ ಹೊಲಿಗೆ. ಒಳಹೊಲಿಗೆ ತೋರಿಸುವ ಟೈಲರ್‌ಗಳು ಕಡಿಮೆ, ಹಾಗಾಗಿ ಅದೊಂದೇ ಫೋಟೋ ನೂರು ಮಾತು ಆಡುತ್ತೆ. ಇನ್ಯಾರದೋ ಡಿಸೈನನ್ನು ಅಂತರ್ಜಾಲದಿಂದ ತೆಗೆದು ಹಾಕಬೇಡಿ. ಗಿರಾಕಿ ಅದೇ ಬೇಕೆಂದು ಹಟ ಹಿಡಿದಾಗ ಕೈಯಲ್ಲಿ ಆಗದ ಕೆಲಸ ಒಪ್ಪಿಕೊಂಡಂತಾಗುತ್ತೆ.

ಬೆಲ್ಲದವರಿಗೆ ಫೋಟೋ ಇನ್ನೂ ಸೂಕ್ಷ್ಮ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಉಂಡೆ, ಕುರಿಕಾಟು ಎಂದು ಬಗೆಬಗೆ ಇದೆ. ನಗರದ ಗಿರಾಕಿಗೆ ಈ ಹೆಸರು ಗೊತ್ತಿರುವುದಿಲ್ಲ, ಒಂದೊಂದರ ಆಕಾರ ಕಾಣುವಂತೆ ಪಕ್ಕದಲ್ಲಿ ಒಂದು ಚಮಚ ಇಟ್ಟು ತೆಗೆಯಿರಿ. ಹೈಡ್ರೋಸ್ ಹಾಕಿ ಬಿಳುಪು ಮಾಡಿದ ಬೆಲ್ಲ ಹೊಂಬಣ್ಣದಲ್ಲಿ ಹೊಳೆಯುತ್ತೆ, ಹಾಕದ್ದು ಕಂದಾಗಿರುತ್ತೆ. ಕಂದು ಬೆಲ್ಲ ಮಾರುವವರು ಫಿಲ್ಟರ್ ಹಾಕಿ ಹಳದಿ ಮಾಡಿ ತೋರಿಸಿದರೆ ಪಾರ್ಸೆಲ್ ಬಿಚ್ಚಿದ ದಿನವೇ ದೂರು ಬರುತ್ತೆ. ಬಣ್ಣ ಇದ್ದಂತೆ ತೋರಿಸಿ, ಯಾಕೆ ಆ ಬಣ್ಣ ಎಂದು ಒಂದು ಸಾಲು ಬರೆಯಿರಿ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದು ನೀರೊಡೆಯುತ್ತೆ. ದಪ್ಪ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಮೇಲೆ ರಟ್ಟಿನ ಡಬ್ಬಿ ಹಾಕುತ್ತೀರಿ ಅನ್ನುವುದನ್ನೂ ಅಲ್ಲೇ ಬರೆದರೆ ಜೂನ್, ಜುಲೈನಲ್ಲೂ ಆರ್ಡರ್ ನಿಲ್ಲುವುದಿಲ್ಲ.

ಹೊಸ ಐಟಂ ಹಾಕಿದ ಕೂಡಲೇ ಕಾಣದಿದ್ದರೆ ಗಾಬರಿ ಬೇಡ, ವಾಟ್ಸಾಪ್ ಕಂಪನಿಯವರು ನೋಡಿ ಒಪ್ಪಿದ ಮೇಲೆ ಕಾಣುತ್ತೆ. ತಂಬಾಕು, ಮದ್ಯ, ಔಷಧಿ ಕ್ಯಾಟಲಾಗ್‌ಗೆ ನಡೆಯುವುದಿಲ್ಲ. ಕಿರಾಣಿ ಅಂಗಡಿಯವರು ಬೀಡಿ, ಸಿಗರೇಟಿನ ಫೋಟೋ ಹಾಕಿ ತಿರಸ್ಕಾರವಾದಾಗ ಇಡೀ ಆ್ಯಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಲೇಬಲ್ ಮತ್ತು ಬ್ರಾಡ್‌ಕಾಸ್ಟ್

ಟೈಲರ್‌ಗಳಿಗೆ ಕ್ಯಾಟಲಾಗ್‌ಗಿಂತ ಲೇಬಲ್ ದೊಡ್ಡದು. ಒಂದೊಂದು ಚಾಟಿಗೂ ಬಣ್ಣದ ಚೀಟಿ ಅಂಟಿಸಿದಂತೆ, 20ರವರೆಗೆ ಮಾಡಿಕೊಳ್ಳಬಹುದು. ಗಿರಾಕಿಗೆ ಇವು ಕಾಣುವುದಿಲ್ಲ. ಆ್ಯಪ್ ಜೊತೆ ಬರುವ ಇಂಗ್ಲಿಷ್ ಲೇಬಲ್‌ಗಳನ್ನು ಬಿಟ್ಟು ನಿಮ್ಮ ಕೆಲಸದ ಮಾತಿನಲ್ಲೇ ಹೆಸರಿಡಿ: 'ಅಳತೆ ಆಯ್ತು', 'ಕಟಿಂಗ್ ಆಯ್ತು', 'ಕುಚ್ಚಿಗೆ ಹೋಗಿದೆ', 'ರೆಡಿ', 'ದುಡ್ಡು ಬಾಕಿ'. ಅಳತೆ ಬರೆದ ಚೀಟಿಯ ಫೋಟೋವನ್ನು ಆ ಗಿರಾಕಿಯ ಚಾಟಿಗೇ ಕಳಿಸಿ ಸ್ಟಾರ್ ಹಾಕಿಟ್ಟರೆ ಚೀಟಿ ಕಳೆದರೂ ಅಳತೆ ಉಳಿಯುತ್ತೆ, ಗಿರಾಕಿಯ ಹತ್ತಿರವೂ ಒಂದು ಪ್ರತಿ ಇರುತ್ತೆ. ಸಂಜೆ ಅಂಗಡಿ ಮುಚ್ಚುವ ಮೊದಲು 'ರೆಡಿ' ಲೇಬಲ್ ತೆರೆದು ಅದರಲ್ಲಿರುವವರಿಗೆ ಒಂದು ಮೆಸೇಜ್ ಹಾಕಿದರೆ ಕಪಾಟಿನಲ್ಲಿ ಕೂತ ಬಟ್ಟೆ ದುಡ್ಡಾಗುತ್ತೆ. ಡಲ್ ಕಾಲದಲ್ಲಿ ಹೊಸ ಆರ್ಡರ್‌ಗಿಂತ ಮೊದಲು ಕೈಗೆ ಬರಬೇಕಾದದ್ದು ಈ ಬಾಕಿ. ಲೇಬಲ್ ಬದಲಾಯಿಸುವುದನ್ನು ಮರೆತರೆ ಮಾತ್ರ ಎಲ್ಲ ಕೆಡುತ್ತೆ. ಹಳೇ ಲೇಬಲ್ ತೆಗೆಯದೆ ಹೊಸದು ಹಾಕಿ ಒಂದೇ ಚಾಟಿಗೆ ನಾಲ್ಕು ಬಣ್ಣ ಬಂದರೆ ಯಾವುದು ನಿಜ ಎಂದು ತಿಳಿಯುವುದಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನ. ಒಂದು ಸಲ ಬರೆದರೆ ಎಲ್ಲರಿಗೂ ಬಿಡಿಬಿಡಿಯಾಗಿ ಹೋಗುತ್ತೆ, ಉತ್ತರವೂ ನಿಮಗೊಬ್ಬರಿಗೇ ಬರುತ್ತೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಬಿಲ್ ಪುಸ್ತಕದಿಂದ ಇನ್ನೂರು ನಂಬರ್ ತೆಗೆದು ಪಟ್ಟಿ ಮಾಡಿ ಕಳಿಸಿ, 'ಒಬ್ಬರೂ ಉತ್ತರಿಸಲಿಲ್ಲ, ಇದು ಪ್ರಯೋಜನ ಇಲ್ಲ' ಎಂದು ಕೈಬಿಟ್ಟವರು ಬಹಳ. ಅವರ ಮೆಸೇಜ್ ಹೋಗಿಯೇ ಇರುವುದಿಲ್ಲ. ಅದಕ್ಕೇ ಗ್ರೀಟಿಂಗ್‌ನಲ್ಲಿ ಸೇವ್ ಮಾಡಿಕೊಳ್ಳಿ ಎಂದು ಕೇಳುವುದು, ಅದಕ್ಕೇ ಕೌಂಟರಿನಲ್ಲಿ ಅಂಗಡಿಯ ವಾಟ್ಸಾಪ್ ಕ್ಯೂಆರ್ ಅಂಟಿಸುವುದು. ಆ ಕ್ಯೂಆರ್ ಆ್ಯಪ್ ಒಳಗೇ ಸಿಗುತ್ತೆ. ಪೇಮೆಂಟ್ ಕ್ಯೂಆರ್ ಪಕ್ಕದಲ್ಲಿ ಇಡಬೇಡಿ, ಜನ ತಪ್ಪು ಸ್ಕ್ಯಾನ್ ಮಾಡುತ್ತಾರೆ. ಸಾಮಾನು ಕಟ್ಟಿಕೊಡುವ ಜಾಗದಲ್ಲಿ, ಗಿರಾಕಿ ಕಾಯುತ್ತಾ ನಿಲ್ಲುವ ಕಡೆ, 'ಹಬ್ಬದ ತಿಂಡಿ ಪಟ್ಟಿ ಬೇಕಾದವರು ಇದನ್ನು ಸ್ಕ್ಯಾನ್ ಮಾಡಿ' ಎಂದು ಬರೆದಿಡಿ.

ಗುಂಪು ಮಾಡಿ ಎಲ್ಲರನ್ನೂ ಸೇರಿಸುವುದು ಬೇಡವೇ ಬೇಡ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತೆ. ಹೆಂಗಸರು ಹೆಚ್ಚು ಬರುವ ಅಂಗಡಿಗೆ ಇದು ದೊಡ್ಡ ಕೆಟ್ಟ ಹೆಸರು. ಬೇಸತ್ತವರು ರಿಪೋರ್ಟ್ ಒತ್ತಿದರೆ ನಂಬರೇ ನಿಷೇಧವಾಗಬಹುದು.

ತಿಂಗಳಿಗೆ ಎರಡು ಬ್ರಾಡ್‌ಕಾಸ್ಟ್ ಸಾಕು, ಹಬ್ಬದ ತಿಂಗಳಲ್ಲಿ ಮೂರು. ಮೆಸೇಜಿನಲ್ಲಿ ಒಂದು ಸಾಮಾನು, ಒಂದು ಗಡುವು, ಒಂದು ಪದದ ಉತ್ತರ ಇರಲಿ. ಸಂಕ್ರಾಂತಿಗೆ ಹೀಗೆ ಕಳಿಸಬಹುದು: 'ಸಕ್ಕರೆ ಅಚ್ಚು, ಎಳ್ಳು ಬೀರುವ ಮಿಶ್ರಣಕ್ಕೆ ಆರ್ಡರ್ ಜನವರಿ 8ರವರೆಗೆ ಮಾತ್ರ. ಕಾಲು ಕೆಜಿ, ಅರ್ಧ ಕೆಜಿ ಡಬ್ಬಿ. ಬೇಕಾದವರು "ಅಚ್ಚು" ಅಂತ ಕಳಿಸಿ.' ಒಂದು ಪದ ಟೈಪ್ ಮಾಡಲು ಯಾರಿಗೂ ಬೇಜಾರಿಲ್ಲ. ಆ ಪದ ಕಳಿಸಿದವರ ಚಾಟಿಗೆ ಕೂಡಲೇ 'ಸಂಕ್ರಾಂತಿ' ಲೇಬಲ್ ಹಾಕಿದರೆ ಎಷ್ಟು ಪಾಕ ಇಡಬೇಕು ಎಂಬ ಲೆಕ್ಕ ಸಿಕ್ಕಿತು. ಗಡುವನ್ನು ನಿಜಕ್ಕೂ ಪಾಲಿಸಿ. ಸಕ್ಕರೆ ಅಚ್ಚು ಕೊನೇ ದಿನ ಹೊಯ್ದರೆ ಮರದ ಅಚ್ಚಿನಿಂದ ಬಿಡದೆ ಮೂತಿ, ಬಾಲ ಮುರಿಯುತ್ತೆ, ಆರಲು ಹೊತ್ತು ಬೇಕು. ಇಷ್ಟನ್ನು ಹೇಳಿದರೆ ಗಿರಾಕಿಗೂ ಅರ್ಥವಾಗುತ್ತೆ.

ಮೈಸೂರಿನ ಪಂಚಾಂಗವೇ ಇದಕ್ಕೆ ವೇಳಾಪಟ್ಟಿ. ಆಷಾಢದಲ್ಲಿ ಮದುವೆ ಇಲ್ಲ, ಟೈಲರ್‌ಗೆ ಕೈ ಬಿಡುವು. ಆಗಲೇ 'ವರಮಹಾಲಕ್ಷ್ಮಿಗೆ ಬ್ಲೌಸ್ ಈಗ ಕೊಟ್ಟರೆ ಕಾಯುವ ಗೋಜಿಲ್ಲ, ಟ್ರಯಲ್ ನೋಡಿ ಸರಿ ಮಾಡಿಕೊಡ್ತೀವಿ' ಎಂದು ಕಳಿಸಬೇಕು. ಶ್ರಾವಣ ಹುಟ್ಟಿದ ಮೇಲೆ ಕಳಿಸಿದರೆ ಎಲ್ಲ ಟೈಲರ್‌ಗಳ ಕೈಯೂ ತುಂಬಿರುತ್ತೆ, ಹೇಳಿದ ದಿನಕ್ಕೆ ಕೊಡಲಾಗದೆ ಹೆಸರು ಕೆಡುತ್ತೆ. ಪಿತೃಪಕ್ಷದ ಹದಿನೈದು ದಿನ ಹೊಸ ಸಾಮಾನಿನ ಜಾಹೀರಾತು ಕಳಿಸಬೇಡಿ, ಅದೇ ಹೊತ್ತಿನಲ್ಲಿ ದಸರಾ ಬೊಂಬೆ ಬಾಗಿನದ ತಿಂಡಿ ಪಟ್ಟಿ ಸಿದ್ಧ ಮಾಡಿ ಮಹಾಲಯ ಅಮಾವಾಸ್ಯೆ ಕಳೆದ ಮಾರನೇ ಬೆಳಿಗ್ಗೆ ಬಿಡಿ. ಮೂರು ಸಲ ಏನನ್ನೂ ಉತ್ತರಿಸದವರನ್ನು ಪಟ್ಟಿಯಿಂದ ತೆಗೆಯಿರಿ. ಅವರಿಗೆ ಸ್ಟೇಟಸ್ ಸಾಕು, ನೋಡಬೇಕೆನಿಸಿದಾಗ ನೋಡುತ್ತಾರೆ.

ದುಡ್ಡಿನ ವಿಷಯ

ಪೇಮೆಂಟ್ ಆಯಿತು ಎಂದು ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ನಂಬಿ ಸಾಮಾನು ಕಳಿಸಬೇಡಿ. ಅಂಥ ಚಿತ್ರ ಮಾಡುವುದು ಸುಲಭ. ಬ್ಯಾಂಕಿನ ಎಸ್ಸೆಮ್ಮೆಸ್ ಅಥವಾ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಜಮಾ ಕಂಡ ಮೇಲೆ 'ದುಡ್ಡು ಬಂತು' ಲೇಬಲ್ ಹಾಕಿ. ಅಂಗಡಿಯ ಯುಪಿಐ ಮನೆಯ ಖಾತೆಗೆ ಹೋಗದಂತೆ ಬೇರೆ ಖಾತೆ ಇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಕೈಸಾಲ, ನೆಂಟರು ಕಳಿಸಿದ್ದು, ವ್ಯಾಪಾರದ್ದು ಎಲ್ಲ ಒಂದೇ ಖಾತೆಯಲ್ಲಿದ್ದವರಿಗೆ ಲೆಕ್ಕ ಬಿಡಿಸಿ ತೋರಿಸುವುದೇ ಕಷ್ಟವಾಯಿತು. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಇದು ಲಾಭವಲ್ಲ, ಒಟ್ಟು ವಹಿವಾಟು. ಹೆದರಿ ಯುಪಿಐ ತೆಗೆದುಹಾಕಿದರೆ ಗಿರಾಕಿಯನ್ನೇ ತೆಗೆದುಹಾಕಿದಂತೆ.

ಎಲ್ಲಿ ಕೊರತೆ

ಈಗ ಕಳೆದ ಆ ಒಂದು ಅಂಕ. ಇದರಲ್ಲಿ ಬಿಲ್ಲಿಲ್ಲ, ಸ್ಟಾಕ್ ಲೆಕ್ಕವಿಲ್ಲ, ಪುಸ್ತಕ ಅಥವಾ ಬೇರೆ ಆ್ಯಪ್ ಬೇಕೇ ಬೇಕು. ಅಂಕಿಅಂಶ ಎಂದು ತೋರಿಸುವುದು ಎಷ್ಟು ಮೆಸೇಜ್ ಹೋಯಿತು, ತಲುಪಿತು, ಓದಿದರು, ಬಂತು ಅಷ್ಟೇ. ಯಾವ ಬ್ರಾಡ್‌ಕಾಸ್ಟಿನಿಂದ ಎಷ್ಟು ಆರ್ಡರ್ ಬಂತು ಎಂದು ನೀವೇ ಬರೆದಿಡಬೇಕು. ಮುಖ್ಯ ಫೋನಿನ ಜೊತೆ ಇನ್ನೂ 4 ಸಾಧನದಲ್ಲಿ ತೆರೆಯಬಹುದು, ಆದರೆ ಕೆಲಸದ ಹುಡುಗರಿಗೆ ಬೇರೆ ಲಾಗಿನ್ ಇಲ್ಲ, ಎಲ್ಲರಿಗೂ ಎಲ್ಲ ಚಾಟ್ ಕಾಣುತ್ತೆ. ಗಿರಾಕಿಯ ಮನೆ ವಿಳಾಸ, ನಂಬರ್ ಅದರಲ್ಲಿರುತ್ತೆ ಅನ್ನುವುದು ನೆನಪಿರಲಿ. ಕೆಲಸ ಬಿಟ್ಟುಹೋದವರ ಸಾಧನವನ್ನು ಅದೇ ದಿನ ಲಾಗೌಟ್ ಮಾಡಿ. ಮುಖ್ಯ ಫೋನ್ 14 ದಿನ ಬಳಸದಿದ್ದರೆ ಉಳಿದವೆಲ್ಲ ತಾವೇ ಲಾಗೌಟ್ ಆಗುತ್ತವೆ.

ಫೋನ್ ತುಂಬಿಹೋಗುವುದು ಇನ್ನೊಂದು ಕಾಟ. ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಆ್ಯಂಡ್ರಾಯ್ಡ್ ಫೋನಿನ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತೆ, ಅದರ 15 ಜಿಬಿ ಉಚಿತ ಜಾಗದಲ್ಲೇ ಅದೂ ಎಣಿಕೆಯಾಗುತ್ತೆ. ಜಾಗ ತುಂಬಿದರೆ ಬ್ಯಾಕಪ್ ಸದ್ದಿಲ್ಲದೆ ನಿಲ್ಲುತ್ತೆ. ವಿಡಿಯೋ ಬಿಟ್ಟು ಬ್ಯಾಕಪ್ ಇಡಿ, ತಿಂಗಳಿಗೊಮ್ಮೆ ಕೊನೇ ಬ್ಯಾಕಪ್ ದಿನಾಂಕ ನೋಡಿ.

ಇನ್ನು, ಈ ಆ್ಯಪ್ ಹೊಸಬರನ್ನು ತಾನಾಗಿ ಕರೆತರುವುದಿಲ್ಲ. ಅದಕ್ಕೆ ಜೊತೆಯಾಗಿ, ಗೂಗಲ್‌ನಲ್ಲಿ, ಮ್ಯಾಪಿನಲ್ಲಿ ಹುಡುಕುವವರಿಗೆ ಅಂಗಡಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಅದೂ ಉಚಿತ. ಅಲ್ಲಿ ಹೆಸರು ಬೋರ್ಡಿನಲ್ಲಿ ಇದ್ದಂತೆಯೇ ಇರಲಿ; 'ಮೈಸೂರಿನ ಅತ್ಯುತ್ತಮ' ಎಂದೆಲ್ಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ಬೋರ್ಡಿನಲ್ಲಿ ಕನ್ನಡ ಶೇ 60 ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆ, ಹೊಸ ಬೋರ್ಡ್ ಬರೆಸುವವರು ವಾಟ್ಸಾಪ್ ನಂಬರನ್ನೂ ಅದರಲ್ಲೇ ಸೇರಿಸಿಬಿಡಿ. ಅಂಗಡಿಯ ದೃಢೀಕರಣಕ್ಕೆ ಗೂಗಲ್ ವಿಡಿಯೋ ಕೇಳಿದರೆ ಒಂದೇ ಓಟದಲ್ಲಿ ತೆಗೆಯಬೇಕು: ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡು, ಬೀಗ ತೆಗೆದು ಷಟರ್ ಎತ್ತುವುದು, ಒಳಗಿನ ಸಾಮಾನು. ನಿಲ್ಲಿಸಿ ಜೋಡಿಸಿದ ವಿಡಿಯೋ ತಿರಸ್ಕಾರವಾಗುತ್ತೆ. 'ಗೂಗಲ್‌ನಿಂದ ಮಾತಾಡ್ತಿದ್ದೀವಿ, ದುಡ್ಡು ಕಟ್ಟಿದರೆ ಮೊದಲನೇ ಸಾಲಿಗೆ ತರ್ತೀವಿ' ಎಂಬ ಫೋನ್ ಬಂದರೆ ಇಟ್ಟುಬಿಡಿ. ದೇವರಾಜ ಮಾರುಕಟ್ಟೆಯಂಥ ಕಡೆ ಮ್ಯಾಪಿನಲ್ಲಿ ಅಂಗಡಿಯ ಜಾಗ ತೋರಿಸುವ ಪಿನ್ ಸುಮ್ಮನೆ ಮಾರುಕಟ್ಟೆಯ ನಡುವೆ ಬೀಳುತ್ತೆ, ಎಳೆದು ಸಯ್ಯಾಜಿರಾವ್ ರಸ್ತೆ ಕಡೆಯೋ ಧನ್ವಂತರಿ ರಸ್ತೆ ಕಡೆಯೋ ನಿಮ್ಮ ಬಾಗಿಲಿನ ಮೇಲೆ ಕೂರಿಸಬೇಕು. ದಸರಾ ದಿನಗಳ ವೇಳೆಯನ್ನು 'ಸ್ಪೆಷಲ್ ಅವರ್ಸ್'ನಲ್ಲಿ ಹಾಕಿ. ರಿವ್ಯೂನಲ್ಲಿ ಒಳ್ಳೇ ಮಾತು ಬರೆದವರಿಗೆ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬರೆಯಿರಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಈ ಎಲ್ಲ ಏರ್ಪಾಡು ಎಲ್ಲರಿಗೂ ಬೇಕೆಂದಿಲ್ಲ. ಸೊಪ್ಪು, ತರಕಾರಿ, ಹೂವಿನವರ ಬೆಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅವರಿಗೆ ಕ್ಯಾಟಲಾಗ್ ಹೊರೆ. ಬೆಳಿಗ್ಗೆ ಬುಟ್ಟಿ ಇಳಿಸಿದ ಕೂಡಲೇ ಒಂದು ಫೋಟೋ ಸ್ಟೇಟಸ್‌ಗೆ ಹಾಕಿ, ಕೆಳಗೆ ಮಲ್ಲಿಗೆ ಮೊಳ ಎಷ್ಟು, ಎಷ್ಟು ಹೊತ್ತಿನವರೆಗೆ ಸಿಗುತ್ತೆ ಎಂದು ಬರೆದರೆ ಅವರ ಕೆಲಸ ಆಯಿತು. ಸ್ಟೇಟಸ್ 24 ಗಂಟೆಗೆ ತಾನೇ ಅಳಿಯುತ್ತೆ, ನಿನ್ನೆಯ ರೇಟು ಇವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ.